ಕ್ಯಾಲವೆರಸ್ ಕಾಡಿನಲ್ಲಿ ಎರಡು ರಾತ್ರಿ

"ಅಪ್ಪಾ, ಈ ಶುಕ್ರವಾರ ಕಾಡಿಗೆ ಹೋಗಿ ಎರಡು ರಾತ್ರಿ ಟೆಂಟಿನಲ್ಲಿ ಮಲಗೋಣ" ಎಂದು ಮಗಳು ಹೇಳಿದಾಗ ನನಗೆ ನಗು ಬಂತು. ಡೊಂಬಿವಲಿಯ ಎರಡು ಕೋಣೆಯ ಮನೆಗಾಗಿ ಅರ್ಧ ಆಯುಷ್ಯ ಕಂತು ಕಟ್ಟಿದವನು ನಾನು. ಇರುವ ಮನೆ ಬಿಟ್ಟು, ದುಡ್ಡು ಕೊಟ್ಟು ನೆಲದ ಮೇಲೆ ಮಲಗುವುದೇ? "ಆರು ತಿಂಗಳ ಮುಂಚೆ ಬುಕ್ ಮಾಡಿದೀನಿ, ಸುಮ್ನೆ ಬಾ" ಎಂದಳು. ಮಕ್ಕಳ ಮನೆಗೆ ಅಮೆರಿಕಕ್ಕೆ ಹೋದ ಮೇಲೆ ಅವರು ಕರೆದಲ್ಲಿಗೆ ಹೋಗುವುದೇ ನಮ್ಮ ಕೆಲಸ ತಾನೆ? ಕಳೆದ ಜೂನ್‌ನಲ್ಲಿ ಹಾಗೆ ಹೊರಟೆವು.

ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಮೊದಲು ಬಾದಾಮಿ ತೋಟಗಳ ಬಯಲು, ಆಮೇಲೆ ಒಣಹುಲ್ಲಿನ ಹಳದಿ ಗುಡ್ಡಗಳು, ಚಿನ್ನ ಅಗೆಯುವ ಕಾಲದಲ್ಲಿ ಹುಟ್ಟಿದ ಏಂಜಲ್ಸ್ ಕ್ಯಾಂಪ್ ಎಂಬ ಪುಟ್ಟ ಊರು. ಅಲ್ಲಿಂದ ನಾಲ್ಕನೇ ನಂಬರಿನ ಹೆದ್ದಾರಿ ಸಿಯೆರಾ ನೆವಾಡಾ ಪರ್ವತವನ್ನು ಹತ್ತುತ್ತದೆ. ಆರ್ನಾಲ್ಡ್ ಎಂಬ ಊರು ದಾಟಿದರೆ ಕ್ಯಾಲವೆರಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕ್. ಸುಮಾರು 4,700 ಅಡಿ, ಹೆಚ್ಚುಕಡಿಮೆ ನಮ್ಮ ಕೆಮ್ಮಣ್ಣುಗುಂಡಿಯ ಎತ್ತರ. ಇದು ಕೇಂದ್ರದ ರಾಷ್ಟ್ರೀಯ ಉದ್ಯಾನವಲ್ಲ. 1931ರಿಂದ ಕ್ಯಾಲಿಫೋರ್ನಿಯಾ ರಾಜ್ಯವೇ ನೋಡಿಕೊಳ್ಳುತ್ತಿರುವ ಕಾಡು.

ಗೇಟಿನಲ್ಲಿ ಚೀಟಿ ತೋರಿಸಿದರೆ ನಿಮ್ಮ ನಂಬರಿನ ಜಾಗ ನಿಮ್ಮದು. ಟೆಂಟಿಗೆ ಸಮತಟ್ಟು ನೆಲ, ಮರದ ಮೇಜು-ಬೆಂಚು, ಬೆಂಕಿ ಹಾಕಲು ಕಬ್ಬಿಣದ ಬಳೆ, ಮತ್ತೊಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ಈ ಪೆಟ್ಟಿಗೆಯೇ ಅಲ್ಲಿನ ಮುಖ್ಯ ಸಂಗತಿ. ಕಾಡಿನಲ್ಲಿ ಕರಡಿಗಳಿವೆ, ಅವುಗಳ ಮೂಗು ಬಲು ಚುರುಕು. ಆದ್ದರಿಂದ ವಾಸನೆ ಬರುವ ಯಾವ ವಸ್ತುವೂ ಟೆಂಟಿನಲ್ಲಾಗಲೀ ಕಾರಿನಲ್ಲಾಗಲೀ ಇರಕೂಡದು. ಎಲ್ಲವೂ ಪೆಟ್ಟಿಗೆಯೊಳಗೆ ಹೋಗಬೇಕು.

"ತಿಂಡಿ ತಾನೇ? ಇಟ್ಟರಾಯ್ತು" ಎಂದಳು ನನ್ನಾಕೆ. ಮಗಳು ಅವಳ ಚೀಲ ಬಿಚ್ಚಿದಳು. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಹೋದವು. ಆಮೇಲೆ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟು, ಸೋಪು. ಕೊನೆಗೆ ಅಮೃತಾಂಜನವೂ ಹೋಯಿತು. "ಕರಡಿಗೂ ತಲೆನೋವು ಬರತ್ತಾ?" ಎಂದು ಇವಳು ಗೊಣಗಿದಳು. ಮೊಮ್ಮಗಳು ನಕ್ಕು ನಕ್ಕು ಬಿದ್ದಳು. ಆದರೆ ನಿಯಮ ಮನುಷ್ಯರನ್ನು ಕಾಯುವುದಕ್ಕಿಂತ ಹೆಚ್ಚಾಗಿ ಕರಡಿಯನ್ನು ಕಾಯುವುದಕ್ಕೆ ಎಂದು ಅಳಿಯ ವಿವರಿಸಿದ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಹೆದರಿಕೆ ಬಿಡುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತದೆ.

ಬಿದ್ದ ಕಡ್ಡಿಯನ್ನೂ ಆರಿಸಿ ಒಲೆಗೆ ಹಾಕುವಂತಿಲ್ಲ, ಅದು ಕಾಡಿನ ಮಣ್ಣಿಗೆ ಸೇರಬೇಕು. ಸೌದೆ ಅಲ್ಲೇ ಹತ್ತಿರ ಕೊಳ್ಳಬೇಕು. ದೂರದಿಂದ ತಂದರೆ ಅದರೊಳಗಿನ ಹುಳು ಇಲ್ಲಿನ ಮರಗಳಿಗೆ ತಗುಲೀತು ಎಂಬ ಭಯ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ. ಹತ್ತು ಗಂಟೆಗೆ ನಿಜಕ್ಕೂ ಎಲ್ಲ ಸುಮ್ಮನಾದಾಗ ನನಗೆ ನಿದ್ದೆಯೇ ಬರಲಿಲ್ಲ. ಕೊನೆಯ ಲೋಕಲ್ ರೈಲಿನ ಸದ್ದಿಲ್ಲದೆ ಮಲಗಿ ಎಷ್ಟು ವರ್ಷವಾಗಿತ್ತು! ಜೂನ್ ಆದರೂ ಚಳಿಗೆ ಸ್ವೆಟರು, ಅದರ ಮೇಲೆ ಶಾಲು.

ಮರುದಿನ ಬೆಳಿಗ್ಗೆ ಪಕ್ಕದ ಉತ್ತರ ತೋಪಿಗೆ ಹೋದೆವು. ಟೆಂಟಿನ ಸುತ್ತ ಇದ್ದ ಪೈನ್ ಮರಗಳೇ ನನಗೆ ದೊಡ್ಡವಾಗಿ ಕಂಡಿದ್ದವು. ತೋಪಿನೊಳಗೆ ದೈತ್ಯ ಸಿಕ್ವೊಯಾ ನೋಡಿದಾಗ ಮಾತು ನಿಂತಿತು. ದಾಲ್ಚಿನ್ನಿ ಬಣ್ಣದ, ತೆಂಗಿನ ನಾರಿನಂಥ ತೊಗಟೆ. ಕೆಲವು ಮರಗಳಲ್ಲಿ ಅದು ಎರಡು ಅಡಿಯವರೆಗೂ ದಪ್ಪವಿರುತ್ತದೆ, ಕಾಡ್ಗಿಚ್ಚನ್ನು ತಡೆಯುವುದು ಅದೇ. ಇಷ್ಟು ದೊಡ್ಡ ಮರದ ಕಾಯಿ ಕೋಳಿಮೊಟ್ಟೆಯಷ್ಟು, ಬೀಜ ಅವಲಕ್ಕಿಯಷ್ಟು ತೆಳು. ಬೆಂಕಿಯ ಕಾವಿಗೆ ಕಾಯಿ ಬಿರಿದು ಬೀಜ ಉದುರುತ್ತದೆ.

ದಾರಿಯ ಆರಂಭದಲ್ಲೇ ಒಂದು ಬುಡವಿದೆ. ಮೆಟ್ಟಿಲು ಹತ್ತಿ ಅದರ ಮೇಲೆ ಹೋಗಬೇಕು. ನಮ್ಮ ಊರಿನ ಮನೆಯ ಜಗುಲಿಗಿಂತ ದೊಡ್ಡದು. 1852ರಲ್ಲಿ ಅಗಸ್ಟಸ್ ಡೌಡ್ ಎಂಬ ಬೇಟೆಗಾರ ಗಾಯಗೊಂಡ ಕರಡಿಯ ಬೆನ್ನು ಹತ್ತಿ ಬಂದಾಗ ಈ ಮರವನ್ನು 'ಕಂಡುಹಿಡಿದ' ಎನ್ನುತ್ತಾರೆ. ಅದಕ್ಕೂ ಬಹಳ ಮೊದಲಿನಿಂದ ಮಿವೋಕ್ ಜನ ಈ ಸೀಮೆಯಲ್ಲಿ ಇದ್ದರು. ಮರುವರ್ಷವೇ ಅದನ್ನು ಉರುಳಿಸಿದರು. ಅಷ್ಟು ದಪ್ಪದ ಮರಕ್ಕೆ ಗರಗಸ ಸಾಲದೆ, ಐದು ಜನ ಉದ್ದನೆಯ ಬೈರಿಗೆಗಳಿಂದ ಸುತ್ತ ತೂತು ಕೊರೆದರು. 22 ದಿನ ಹಿಡಿಯಿತಂತೆ. ಎಣಿಸಿದ ಉಂಗುರಗಳು 1,244. ಬುಡವನ್ನು ನುಣುಪು ಮಾಡಿ ಅದರ ಮೇಲೆ ಜನ ಕುಣಿದರು. 1854ರಲ್ಲಿ ಇನ್ನೊಂದು ಮರದ ತೊಗಟೆಯನ್ನು 116 ಅಡಿ ಎತ್ತರದವರೆಗೆ ಸುಲಿದು ಪ್ರದರ್ಶನಕ್ಕೆ ಸಾಗಿಸಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿದ್ದ ಆ ತೊಗಟೆ 1866ರ ಬೆಂಕಿಯಲ್ಲಿ ಸುಟ್ಟುಹೋಯಿತು. 'ಕಾಡಿನ ತಾಯಿ' ಎಂದು ಹೆಸರಿಟ್ಟು ಸುಲಿದ ಮರ ಇಲ್ಲಿ ಒಣಗಿ ಸತ್ತಿತು. ಅದರ ಕರಿಬಿದ್ದ ಕಾಂಡ ಇನ್ನೂ ನಿಂತಿದೆ.

ಮೊಮ್ಮಗಳು ಬುಡದ ಮೇಲೆ ಓಡಾಡಿದಳು. ನಾನು ಅಂಚಿನಲ್ಲೇ ಕೂತೆ. "ಕಾಲು ನೋವಾ?" ಎಂದು ಮಗಳು ಕೇಳಿದಳು. ಹೌದು ಎಂದೆ. ಅದು ಸುಳ್ಳು.

ಆ ರಾತ್ರಿ ಮಗು ಮಲಗಿದ ಮೇಲೆ, ಬೆಂಕಿಯ ಮುಂದೆ ಅವಳಿಗೆ ನಿಜ ಹೇಳಿದೆ. ಸಾಗರದ ಹತ್ತಿರದ ನಮ್ಮ ಮನೆಯ ಅಂಗಳದಂಚಿನಲ್ಲಿ ಒಂದು ಹಲಸಿನ ಮರವಿತ್ತು, ಅಜ್ಜನ ಕಾಲದ್ದು. ಪಾಲಿನಲ್ಲಿ ಅದು ನನಗೆ ಬಂದಿತ್ತು. 1993ರಲ್ಲಿ ಡೊಂಬಿವಲಿ ಮನೆಗೆ ಮುಂಗಡ ಕಟ್ಟಲು ಹಣ ಸಾಲದೆ ಬಂದಾಗ, ಮಾರಿಬಿಡು ಎಂದು ಅಣ್ಣನಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ. ಅಮ್ಮ ಏನೂ ಅನ್ನಲಿಲ್ಲ. ಅದಾದ ಮೇಲೂ ಪ್ರತಿ ಬೇಸಿಗೆ ಊರಿಂದ ಬರುವವರ ಕೈಯಲ್ಲಿ ಹಲಸಿನಕಾಯಿ ಹಪ್ಪಳದ ಡಬ್ಬ ಬರುತ್ತಲೇ ಇತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅತ್ತಿಗೆ ಹೇಳಿದರು: ಪಕ್ಕದ ಮನೆಯವರ ಹತ್ತಿರ ಕಾಯಿ ಕೇಳಿ ತಂದು, ಬದಲಿಗೆ ಅವರಿಗೂ ಹಪ್ಪಳ ಲಟ್ಟಿಸಿಕೊಟ್ಟು, ಅಮ್ಮ ಆ ಡಬ್ಬ ತುಂಬಿಸುತ್ತಿದ್ದರಂತೆ.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆ ಹಪ್ಪಳ ತಿಂದು ಬೆಳೆದವಳು ಅವಳು.

"ಕಡಿಸೋ ಮುಂಚೆ ಅಜ್ಜಿಯನ್ನ ಒಂದು ಮಾತು ಕೇಳಿದ್ಯಾ?"

"ಇಲ್ಲ."

"ಕೇಳಿದ್ರೆ ಬೇಡ ಅಂತಿದ್ರಾ?"

"ಇಲ್ಲ. ಮಾರು ಅಂತಲೇ ಅಂತಿದ್ದಳು."

"ಹಾಗಾದ್ರೆ ಕೇಳಬೇಕಿತ್ತು" ಎಂದಳು. ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ, ಅಮ್ಮನ ಅಮೃತಾಂಜನ ಒಳಗಿದೆಯೋ ಎಂದು ನೋಡಿ ಪೆಟ್ಟಿಗೆಯ ಚಿಲಕ ಹಾಕಿ ಬಂದಳು. ಬೆಂಕಿಗೆ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ಬೂದಿ ತಣ್ಣಗಾದ ಮೇಲೆ ಮಲಗಿದೆವು.

ನಮ್ಮಂತೆ ಮಕ್ಕಳನ್ನು ನೋಡಲು ಹೋಗುವವರು ಒಮ್ಮೆ ಇಂಥ ಕಡೆ ಉಳಿದು ಬನ್ನಿ. ಮಂಡಿನೋವಿದ್ದರೆ ಮಡಿಸುವ ಮಂಚ ಕೇಳಿ, ರಾತ್ರಿ ಶೌಚಾಲಯಕ್ಕೆ ನಡೆಯಲು ಟಾರ್ಚ್ ಇಟ್ಟುಕೊಳ್ಳಿ, ಒಗ್ಗರಣೆಯ ಅಡುಗೆಯನ್ನು ಕತ್ತಲಾಗುವ ಮೊದಲೇ ಮುಗಿಸಿ. ಬೇರು ಮೇಲುಮೇಲೇ ಹರಡಿರುವ ಮರಗಳವು, ಬೇಲಿ ದಾಟಿ ಬುಡಕ್ಕೆ ಹೋಗಬೇಡಿ.

ಡೊಂಬಿವಲಿಗೆ ಮರಳಿದ ವಾರವೇ ಊರಿಗೆ ಫೋನ್ ಮಾಡಿ, ಆ ಜಾಗ ಇನ್ನೂ ಖಾಲಿ ಇದೆಯಾ ಎಂದು ಕೇಳಿದೆ. "ಅಲ್ಲಿ ಈಗ ಕಾರು ನಿಲ್ಲಿಸ್ತೀವಿ ಚಿಕ್ಕಪ್ಪ" ಎಂದ ಅಣ್ಣನ ಮಗ. ಸ್ವಲ್ಪ ಹೊತ್ತು ಯೋಚಿಸಿ, "ಬೇಲಿ ಹತ್ತಿರ ಜಾಗ ಇದೆ. ಪಕ್ಕದ ಮನೆಯವರ ಮರ ಈಗಲೂ ಕಾಯಿ ಬಿಡತ್ತೆ, ಬೀಜ ಕೇಳಿದ್ರೆ ಕೊಡ್ತಾರೆ" ಎಂದ.

ಬರುವ ಮಳೆಗಾಲಕ್ಕೆ ಹೊನ್ನಾವರದವರೆಗೆ ರೈಲು, ಅಲ್ಲಿಂದ ಬಸ್ಸು. ಈ ಸಲ ಕೇಳುವುದಕ್ಕೆ ನಾನೇ ಹೋಗುತ್ತೇನೆ.