ಮೂಳೆ ಒಪ್ಪಿಕೊಂಡ ಗಾಜು

ಮಕ್ಕಳೇ, ಕೋಳಿಯ ಕಾಲಿನ ಒಂದು ಮೂಳೆಯನ್ನು ಚೆನ್ನಾಗಿ ತೊಳೆದು ಗಾಜಿನ ಲೋಟದಲ್ಲಿ ಹಾಕಿ. ಅದು ಮುಳುಗುವಷ್ಟು ವಿನೆಗರ್ ಸುರಿದು, ಮೇಲೊಂದು ತಟ್ಟೆ ಮುಚ್ಚಿಡಿ. ಎರಡು ಮೂರು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಒಂದು ವಾರದ ನಂತರ ಮೂಳೆಯನ್ನು ತೊಳೆದು ಬಾಗಿಸಿ ನೋಡಿ. ಅದು ರಬ್ಬರಿನಂತೆ ಬಾಗುತ್ತದೆ! ನಾನು ಈ ಪ್ರಯೋಗ ತೋರಿಸಿದಾಗ ಮಕ್ಕಳು ಕೂಗದೆ ಸುಮ್ಮನೆ ಕುಳಿತ ಶಾಲೆ ಇನ್ನೂ ಸಿಕ್ಕಿಲ್ಲ.

ಏನಾಯಿತು? ವಿನೆಗರಿನಲ್ಲಿರುವ ಆಮ್ಲವು ಮೂಳೆಯ ಖನಿಜವನ್ನು ಕರಗಿಸಿತು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಮಾತ್ರ ಉಳಿದವು. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ (ಇದನ್ನು ದೊಡ್ಡವರೇ ಮಾಡಲಿ) ಎಳೆಗಳು ಉರಿದುಹೋಗಿ ಖನಿಜ ಉಳಿಯುತ್ತದೆ. ಆಗ ಅದು ಒತ್ತಿದರೆ ಪುಡಿಯಾಗುತ್ತದೆ. ಆ ಖನಿಜದ ಹೆಸರು ಸ್ವಲ್ಪ ಉದ್ದ: ಹೈಡ್ರಾಕ್ಸಿಅಪಟೈಟ್. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ನಮ್ಮ ಮಡಕೆ, ಪಿಂಗಾಣಿ ಬಟ್ಟಲುಗಳಂತೆ ಇದೂ ಸೆರಾಮಿಕ್ ವರ್ಗಕ್ಕೆ ಸೇರಿದ್ದು. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆ ಕಟ್ಟುವುದನ್ನು ನೀವು ನೋಡಿರಬಹುದು. ಹುಲ್ಲು ಮಣ್ಣನ್ನು ಬಿರಿಯಲು ಬಿಡುವುದಿಲ್ಲ. ಮೂಳೆಯೂ ಹಾಗೆಯೇ. ಎರಡು ಗುಣದ ವಸ್ತುಗಳು ಸೇರಿ ಆದ ಇಂಥದ್ದನ್ನು ಸಂಯೋಜಿತ ವಸ್ತು ಎನ್ನುತ್ತಾರೆ.

ಇಂಥ ಮೂಳೆ ಮುರಿದರೆ ಅದನ್ನು ಯಾವುದರಿಂದ ರಿಪೇರಿ ಮಾಡುವುದು? ನನ್ನ ಅಣ್ಣ ಕಬ್ಬಿನ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ವೈದ್ಯರು ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಮೂಳೆ ಕೂಡಿಕೊಂಡಿತು. ಒಂದೂವರೆ ವರ್ಷದ ಮೇಲೆ ಪಟ್ಟಿಯನ್ನು ತೆಗೆದ ವೈದ್ಯರು, "ಇನ್ನು ಕೆಲವು ತಿಂಗಳು ಭಾರ ಹೊರಬೇಡ" ಎಂದರು. ಕಬ್ಬು ಹೊತ್ತೇ ಬದುಕುವವನಿಗೆ ಇದು ಸಣ್ಣ ಮಾತಲ್ಲ. ಕೂಡಿಕೊಂಡ ಮೂಳೆಗೆ ಮತ್ತೇಕೆ ಹೆದರಿಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು.

ಕಾರಣ ಹೀಗಿದೆ. ಮೂಳೆ ಜೀವಂತ ಅಂಗ. ಭಾರ ಬಿದ್ದಲ್ಲಿ ಅದು ಬಲವಾಗುತ್ತದೆ, ಭಾರವಿಲ್ಲದಲ್ಲಿ ಸವೆಯುತ್ತದೆ. ಉಕ್ಕನ್ನು ಬಾಗಿಸುವುದು ಮೂಳೆಯನ್ನು ಬಾಗಿಸುವುದಕ್ಕಿಂತ ಸುಮಾರು ಹತ್ತು ಪಟ್ಟು ಕಷ್ಟ. ಆದ್ದರಿಂದ ಪಟ್ಟಿಯೇ ಹೆಚ್ಚಿನ ಭಾರ ಹೊತ್ತುಕೊಳ್ಳುತ್ತದೆ, ಕೆಳಗಿನ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತದೆ. ಜೊತೆಗೆ ಸ್ಕ್ರೂ ಕೊರೆದ ತೂತುಗಳೂ ತುಂಬಬೇಕು. ಉಕ್ಕು ಗಟ್ಟಿ ಎಂಬುದೇ ಇಲ್ಲಿ ತೊಡಕು!

ಇನ್ನೊಂದು ತೊಡಕನ್ನು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರಿಗೆ ತೋರಿಸಿದವರು ಒಬ್ಬ ಸೇನಾಧಿಕಾರಿ. 1967ರಲ್ಲಿ ಒಂದು ಸಮ್ಮೇಳನಕ್ಕೆ ಹೊರಟ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ಅಧಿಕಾರಿ ವಿಯೆಟ್ನಾಂ ಯುದ್ಧದಿಂದ ಮರಳಿದ್ದರು. ಹೆಂಚ್ ಅವರದು ಸೆರಾಮಿಕ್ ವಿಜ್ಞಾನ. ವಿಕಿರಣವನ್ನು ತಾಳಿಕೊಳ್ಳುವ ವಸ್ತುಗಳ ಬಗ್ಗೆ ಅವರು ವಿವರಿಸಿದರು. ಆಗ ಅಧಿಕಾರಿ ಕೇಳಿದರಂತೆ: ಮನುಷ್ಯನ ದೇಹದೊಳಗೆ ತಾಳಿಕೊಳ್ಳುವ ವಸ್ತುವನ್ನು ಮಾಡಬಲ್ಲಿರಾ? ಆ ಕಾಲದಲ್ಲಿ ದೇಹಕ್ಕೆ ಸೇರಿಸುತ್ತಿದ್ದ ಲೋಹ, ಪ್ಲಾಸ್ಟಿಕ್‌ಗಳನ್ನು ದೇಹವು ಪರಕೀಯವೆಂದು ತಿಳಿದು ಗಾಯದ ಕಲೆಯಂಥ ಪೊರೆಯಿಂದ ಸುತ್ತಿಬಿಡುತ್ತಿತ್ತು. ಗಾಯಗೊಂಡ ಎಷ್ಟೋ ಸೈನಿಕರ ಕೈಕಾಲು ಕತ್ತರಿಸಬೇಕಾಗುತ್ತಿತ್ತು.

ಹೆಂಚ್ ಯೋಚನೆ ಸರಳ. ಮೂಳೆಯಲ್ಲಿರುವ ಖನಿಜವೇ ಹೊಸ ವಸ್ತುವಿನ ಮೈಮೇಲೆ ಬೆಳೆದರೆ ದೇಹ ಅದನ್ನು ತನ್ನದೆಂದು ಒಪ್ಪಬಹುದಲ್ಲ? 1969ರಲ್ಲಿ ಅವರು ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕಗಳ ಆಕ್ಸೈಡುಗಳನ್ನು ಬೆರೆಸಿ ಒಂದು ಗಾಜು ಮಾಡಿದರು. ಕಿಟಕಿಯ ಗಾಜಿಗಿಂತ ಇದರಲ್ಲಿ ಸಿಲಿಕಾ ಬಹಳ ಕಡಿಮೆ, ತೂಕದಲ್ಲಿ ಶೇಕಡಾ 45 ಮಾತ್ರ. ಗ್ರೀನ್‌ಲೀ ಎಂಬ ಮೂಳೆ ವೈದ್ಯರು ಅದರ ತುಣುಕುಗಳನ್ನು ಇಲಿಗಳ ತೊಡೆಮೂಳೆಯಲ್ಲಿ ಇಟ್ಟರು. ಆರು ವಾರಗಳ ನಂತರ ಎಳೆದರು, ತಳ್ಳಿದರು. ಗಾಜು ಕದಲಲಿಲ್ಲ. ದೇಹದ್ರವದಲ್ಲಿ ಗಾಜಿನ ಮೇಲ್ಮೈ ನಿಧಾನವಾಗಿ ಕರಗಿ, ಅಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಪದರ ಕಟ್ಟಿಕೊಂಡಿತ್ತು. ಕೊಲಾಜೆನ್ ಎಳೆಗಳು ಆ ಪದರದೊಳಗೆ ಹೆಣೆದುಕೊಂಡಿದ್ದವು. ಈ ಗಾಜಿಗೆ ಬಯೋಗ್ಲಾಸ್ ಎಂದು ಹೆಸರಾಯಿತು. 1985ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ದೊರೆತದ್ದು ಕಿವಿಯೊಳಗಿನ ಪುಟಾಣಿ ಮೂಳೆಗಳ ಬದಲಿಗೆ ಬಳಸಲು.

ಕಾಲಿಗೇಕೆ ಅಲ್ಲ? ಗಾಜು ಗಾಜೇ ತಾನೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೆ ಲಂಡನ್ನಿನ ವಿಲಿಯಂ ಬಾನ್‌ಫೀಲ್ಡ್ 1980ರ ದಶಕದಲ್ಲಿ ಮೂಳೆಯ ಉಪಾಯವನ್ನೇ ಹಿಡಿದರು. ಕೊಲಾಜೆನ್ ಜಾಗದಲ್ಲಿ ಪಾಲಿಥೀನ್ (ಹೌದು, ನಿಮ್ಮ ಬಕೆಟ್ಟಿನ ಜಾತಿಯದೇ), ಅದರೊಳಗೆ ಹೈಡ್ರಾಕ್ಸಿಅಪಟೈಟ್ ಪುಡಿ. ಆದ ವಸ್ತು ಸುಲಭವಾಗಿ ಒಡೆಯುವುದಿಲ್ಲ, ಮೂಳೆಗೂ ಹೊಂದುತ್ತದೆ. ಚಾಕುವಿನಿಂದ ಕೆತ್ತಿ ಅಳತೆಗೆ ತರಲೂ ಬರುತ್ತದೆ. ಆದರೆ ಇಡೀ ದೇಹದ ಭಾರ ಹೊರುವಷ್ಟು ಬಲ ಅದಕ್ಕೂ ಇಲ್ಲ.

ಹೀಗಾಗಿ ತೊಡೆ, ಸೊಂಟಗಳಲ್ಲಿ ಇಂದಿಗೂ ಲೋಹ ಬೇಕೇ ಬೇಕು. ಕೆಲವು ಕೃತಕ ಸೊಂಟದ ಕೀಲುಗಳಲ್ಲಿ ಟೈಟಾನಿಯಂ ಕಂಬಿಗೆ ಹೈಡ್ರಾಕ್ಸಿಅಪಟೈಟ್ ಲೇಪಿಸುತ್ತಾರೆ. ಬಲ ಲೋಹದ್ದು, ಸ್ನೇಹ ಸೆರಾಮಿಕ್‌ನದು. ಮೂಳೆಯಲ್ಲಿ ಹಳ್ಳ ಬಿದ್ದಿದ್ದರೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳನ್ನು ತುಂಬುವುದುಂಟು. ಅವುಗಳಲ್ಲಿ ಕೆಲವು ಬಗೆಯವು ತಿಂಗಳುಗಟ್ಟಲೆ ಮೆಲ್ಲಗೆ ಕರಗುತ್ತವೆ, ಆ ಜಾಗದಲ್ಲಿ ನಮ್ಮದೇ ಹೊಸ ಮೂಳೆ ಬೆಳೆದು ಕೂರುತ್ತದೆ.