ಸಿಯಾಟಲ್ ಗುಡ್ಡದ ಮೇಲೊಂದು ಹಿಮಲೋಕ

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋಗಿದ್ದೆವು. ಒಂದು ಕಡೆ ಸಮುದ್ರದ ಕೊಲ್ಲಿ, ಇನ್ನೊಂದು ಕಡೆ ದೊಡ್ಡ ಸರೋವರ. ನಡುವೆ ಏರುತಗ್ಗಿನ ಊರು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ 4,392 ಮೀಟರ್ ಎತ್ತರದ ರೇನಿಯರ್ ಪರ್ವತ ಬೇಸಿಗೆಯಲ್ಲೂ ಹಿಮ ಹೊತ್ತು ನಿಂತಿರುತ್ತದೆ.

ಒಂದು ಬೆಳಿಗ್ಗೆ ಮೊಮ್ಮಗನ ಜೊತೆ ಫಸ್ಟ್ ಹಿಲ್ ಎಂಬ ಗುಡ್ಡ ಹತ್ತಿದೆ. ಏದುಸಿರು ಬಿಡುತ್ತಾ ಕುಳಿತೆ. ಅಲ್ಲೇ ಹಾರ್ಬರ್‌ವ್ಯೂ ಆಸ್ಪತ್ರೆ. ಸುಟ್ಟಗಾಯದ ಚಿಕಿತ್ಸೆಗೆ ಹೆಸರಾದದ್ದು.

"ತಾತ, ಇಲ್ಲಿನ ರೋಗಿಗಳು ಪೆಂಗ್ವಿನ್‌ಗಳಿಗೆ ಹಿಮದುಂಡೆ ಹೊಡೀತಾರೆ ಗೊತ್ತಾ?" ಎಂದ ಹುಡುಗ.

ತಮಾಷೆ ಅಂದುಕೊಂಡೆ. ನಿಜವಂತೆ! ಸುಟ್ಟಗಾಯದ ಪಟ್ಟಿ ಬಿಚ್ಚಿ ತೊಳೆಯುವಾಗ ಔಷಧಿ ಕೊಟ್ಟರೂ ನೋವು ಉಳಿಯುತ್ತದೆ. ಅದಕ್ಕೆ 1996ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಇಲ್ಲಿ ಹೊಸ ಪ್ರಯತ್ನ ಶುರುಮಾಡಿದರು. ಮುಂದೆ 'ಸ್ನೋವರ್ಲ್ಡ್' ಸಿದ್ಧವಾಯಿತು. ರೋಗಿಯ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಸಾಧನ ಹಾಕುತ್ತಾರೆ. ಆಸ್ಪತ್ರೆ ಮರೆಯಾಗಿ ಮಂಜಿನ ಕಣಿವೆ ತೆರೆದುಕೊಳ್ಳುತ್ತದೆ. ತೇಲುತ್ತಾ ಹೋಗಿ ಹಿಮಮಾನವರಿಗೂ ಪೆಂಗ್ವಿನ್‌ಗಳಿಗೂ ಉಂಡೆ ಎಸೆಯುವುದೇ ಆಟ. ಔಷಧಿ ನಿಲ್ಲಿಸುವುದಿಲ್ಲ, ಜೊತೆಗೆ ಇದೂ ಒಂದು.

ಇದು ಹೇಗೆ ಕೆಲಸ ಮಾಡುತ್ತದೆ? ನಾನು ಬ್ಯಾಂಕಿನವ, ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ಮನಸ್ಸು ಒಂದೇ ಕೌಂಟರಿನ ಶಾಖೆ. ಗುರಿಯಿಡುವ ಕೆಲಸ ಕೌಂಟರನ್ನು ಹಿಡಿದುಕೊಂಡರೆ ನೋವು ಸಾಲಿನಲ್ಲಿ ಕಾಯಬೇಕು. ಆಟವಾಡುವಾಗ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಚಟುವಟಿಕೆಯೂ ತಗ್ಗುವುದನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ.

ತೋಳು ಮಡಚಿ ನನ್ನ ಹಳೆಯ ಕಲೆ ತೋರಿಸಿದೆ. ಏಳು ವರ್ಷದವನಿದ್ದಾಗ ಬಚ್ಚಲ ಹಂಡೆಯ ಕುದಿನೀರು ಬಿದ್ದದ್ದು. ದಿನಾ ಕಾಂಪೌಂಡರ್ ಪಟ್ಟಿ ಬಿಚ್ಚಲು ಬಂದರೆ ಊರೆಲ್ಲ ಕೇಳುವಂತೆ ಕಿರುಚುತ್ತಿದ್ದೆ.

"ನಿಮಗೆ ಇಂಥದ್ದು ಇರಲಿಲ್ವಲ್ಲ, ಏನು ಮಾಡಿದ್ರಿ ತಾತ?"

ಅಮ್ಮ ಇದ್ದಳು. ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, "ಬಾ, ಜೋಗಕ್ಕೆ ಹೋಗೋಣ. ಬಸ್ಸು ಹತ್ತಿದೆಯಾ? ಕಿಟಕಿಯಲ್ಲಿ ಏನು ಕಾಣ್ತಿದೆ ಹೇಳು" ಎನ್ನುತ್ತಿದ್ದಳು. ನಾನು ಉತ್ತರ ಕೊಡಲೇಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧುಮುಕುವಷ್ಟರಲ್ಲಿ ಹೊಸ ಪಟ್ಟಿ ಕಟ್ಟಿ ಆಗಿರುತ್ತಿತ್ತು. ಅಮ್ಮ ಜೋಗವನ್ನೇ ನೋಡಿರಲಿಲ್ಲವೆಂದು ತಿಳಿದದ್ದು ನಾನು ದೊಡ್ಡವನಾದ ಮೇಲೆ.

ಮೊಮ್ಮಗ ಕಲೆಯನ್ನು ಮೆಲ್ಲನೆ ಸವರಿದ. ಮಕ್ಕಳೇ, ಮುಂದಿನ ಸಲ ಸೂಜಿ ಚುಚ್ಚುವಾಗ ಅಜ್ಜಿಯನ್ನೋ ತಾತನನ್ನೋ ಕೇಳಿ: "ಈಗ ಯಾವ ಊರಿಗೆ ಹೋಗೋಣ?" ಹಿರಿಯರೇ, ಊರೊಂದನ್ನು ಯೋಚಿಸಿಟ್ಟುಕೊಳ್ಳಿ.