ಕಾಯಿಲೆ ಇಲ್ಲದವರ ಕಷಾಯ

ಧರ್ಮಪುರಿ ಸೀಮೆಯ ಕಂಬೈನಲ್ಲೂರಿನ ಸುತ್ತಮುತ್ತ ಆವರಿಕೆ ಗಿಡವನ್ನು ಯಾರೂ ನೆಡುವುದಿಲ್ಲ, ಯಾರೂ ಅದಕ್ಕೆ ನೀರು ಹಾಯಿಸುವುದಿಲ್ಲ. ಮೊರಪ್ಪೂರಿನ ಕಡೆಗೆ ಹೋಗುವ ರಸ್ತೆಬದಿ, ಹೊಲದ ಬದು, ರಾಗಿಯೂ ಬೇಡವೆಂದ ಕಲ್ಲುನೆಲ, ಎಲ್ಲೆಂದರಲ್ಲಿ ತಾನಾಗಿ ಬೆಳೆದು ಮೈತುಂಬ ಹಳದಿ ಹೂ ಬಿಡುತ್ತದೆ. ಕೋಲಾರದ ಕಡೆಯವರಿಗೆ ತಂಗಡಿ ಎಂದರೆ ತಟ್ಟನೆ ಗುರುತು ಸಿಕ್ಕೀತು. ಅದಕ್ಕೆ ಮರ್ಯಾದೆ ಸಿಗುವುದು ಪೊಂಗಲ್‌ನ ಹಿಂದಿನ ದಿನ. ಆವರಿಕೆ ಹೂ, ಬೇವಿನ ಸೊಪ್ಪು, ಪೂಳೈ ಎಂದು ಇಲ್ಲಿಯವರು ಕರೆಯುವ ಬಿಳಿ ತುಪ್ಪಳದಂಥ ಹೂ, ಮೂರನ್ನೂ ಸೇರಿಸಿ ಸೂರಿನಂಚಿಗೆ ಸಿಕ್ಕಿಸುತ್ತಾರೆ. ಕಾಪು ಕಟ್ಟುವುದು ಎಂದರೆ ಇದೇ. ಮನೆಯೊಳಗೆ ತಮಿಳು ಆಡಲಿ, ನಮ್ಮ ಹಾಗೆ ಕನ್ನಡ ಆಡಲಿ, ಸೂರಿನ ಮೇಲಿನ ಕಾಪು ಒಂದೇ.

ಉಳಿದ ದಿನಗಳಲ್ಲಿ ಅದರ ಕೆಲಸಗಳು ಬೇರೆ. ಒಣಗಿದ ಹೂ ಸ್ನಾನದ ಪುಡಿಗೆ ಸೇರುತ್ತಿತ್ತು. ಬಿಸಿಲಲ್ಲಿ ಹೊಲಕ್ಕೆ ಹೋಗುವವರು ಅದರ ಎಲೆಯನ್ನು ನೆತ್ತಿಯ ಮೇಲಿಟ್ಟು ರುಮಾಲು ಸುತ್ತುತ್ತಿದ್ದರು. ತೊಗಟೆ ಮಾತ್ರ ದೊಡ್ಡ ವ್ಯಾಪಾರದ ಸರಕು. ಅದರಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ಚರ್ಮ ಹದ ಮಾಡುವವರಿಗೆ ಅದು ಬೇಕೇ ಬೇಕಿತ್ತು. ಆಫ್ರಿಕಾದ ವಾಟಲ್ ತೊಗಟೆ ಬಂದಮೇಲೆ ಅದರ ಬೇಡಿಕೆ ಇಳಿಯಿತು. ಹೂವಿನ ಕಷಾಯ ಕುಡಿದಾಗ ಬಾಯನ್ನು ಹಿಡಿದುಕೊಳ್ಳುವುದೂ ಅದೇ ಒಗರು. ನಾಲಿಗೆಯೂ ಒಂದು ತರಹದ ಚರ್ಮವೇ ಎಂದು ಆ ಗಿಡಕ್ಕೆ ಗೊತ್ತಿರಬೇಕು.

ನಮ್ಮ ದೊಡ್ಡಮ್ಮನ ಅಡುಗೆಮನೆಯಲ್ಲಿ ಕಷಾಯ ಕಾಯಬೇಕಾದರೆ ಮೊದಲು ಕಾಯಿಲೆ ಬರಬೇಕಿತ್ತು. ನೆಗಡಿಗೆ ಒಣಶುಂಠಿ, ಕೊತ್ತಂಬರಿ ಬೀಜ, ತಾಳೆಬೆಲ್ಲ ಹಾಕಿದ ಸುಕ್ಕು ಕಾಫಿ. ಜ್ವರಕ್ಕೆ ನೆಲಬೇವು, ಅದರ ಕಹಿಗೆ ಹೆದರಿಯೇ ಅರ್ಧ ಜ್ವರ ಬಿಡುತ್ತಿತ್ತು. ಮೈ ಉಷ್ಣವಾದರೆ ಆವರಿಕೆ ಹೂ. ಕಾಯಿಲೆ ಹೋದ ದಿನವೇ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಳು. ಹಾಗಾಗಿ ನಾನು ಪೇಟೆಯಿಂದ ಆವರಿಕೆ ಹೂವಿನ ಚಹಾ ಎಂಬ ಡಬ್ಬಿ ತಂದು, ಇನ್ನುಮೇಲೆ ದಿನಾ ಇದನ್ನೇ ಕುಡಿಯುವುದು ಎಂದಾಗ ಅವಳಿಗೆ ಗಾಬರಿಯಾಯಿತು.

“ಏನಾಗಿದೆ ನಿಂಗೆ?”

“ಏನೂ ಆಗಿಲ್ಲ ದೊಡ್ಡಮ್ಮ, ಆರೋಗ್ಯಕ್ಕೆ ಅಂತ.”

“ಆರೋಗ್ಯ ಇದೆಯಲ್ಲ, ಇನ್ಯಾಕೆ ಕಷಾಯ?”

ಡಬ್ಬಿಯನ್ನು ತಿರುವಿ ತಿರುವಿ ನೋಡಿದೆ. ಬೇರೆಲ್ಲ ಪ್ರಶ್ನೆಗಳಿಗೂ ಅದರ ಮೇಲೆ ಉತ್ತರವಿತ್ತು.

ಕಷಾಯ ಹಾಸಿಗೆಯ ಪಕ್ಕದಿಂದ ಎದ್ದು ಊಟದ ಮೇಜಿಗೆ ಬಂದದ್ದರಲ್ಲಿ ಸರ್ಕಾರಗಳ ಕೈಯೂ ಇದೆ ಎಂದು ನನ್ನ ಅನುಮಾನ. ಡೆಂಗಿ ಕಾಲದಲ್ಲಿ ತಮಿಳುನಾಡು ಸರ್ಕಾರವೇ ನೆಲಬೇವಿನ ಕುಡಿನೀರು, ಅಂದರೆ ಕಷಾಯ, ಹಂಚಿತು. 2020ರಲ್ಲಿ ಕೊರೊನಾ ಬಂದಾಗ ಕಬಸುರ ಕುಡಿನೀರಿನ ಸರದಿ. ದೆಹಲಿಯ ಆಯುಷ್ ಸಚಿವಾಲಯ ಅದೇ ವರ್ಷ ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಕರಿಮೆಣಸು ಒಂದು ಎಂದು ಲೆಕ್ಕ ಹಾಕಿಕೊಟ್ಟಿತು. ಕೊರೊನಾ ಹೋಯಿತು, ಲೋಟ ಕೆಳಗಿಳಿಯಲಿಲ್ಲ.

ಮಾಡುವ ಕ್ರಮ ಸುಲಭ. ಕುದಿಯುವ ನೀರಿಗೆ ಒಂದು ಚಮಚ ಒಣಹೂವು ಹಾಕಿ ಮುಚ್ಚಿಟ್ಟು ಸೋಸಿದರೆ ಮುಗಿಯಿತು. ಬಣ್ಣ ಹೊನ್ನಿನದು, ವಾಸನೆ ಒಣಹುಲ್ಲಿನದು. ಮೊದಲ ಗುಟುಕಿಗೆ ಮುಖ ಸಿಂಡರಿಸುತ್ತದೆ. ಏಲಕ್ಕಿ ಜಜ್ಜಿ ಹಾಕಿದರೆ ಪರವಾಗಿಲ್ಲ. ಬೆಲ್ಲ ಹಾಕಬಾರದು. ಸಕ್ಕರೆ ಕಾಯಿಲೆಗೆಂದು ಆವರಿಕೆ ಕುದಿಸಿ, ಕಹಿ ಎಂದು ಅದಕ್ಕೇ ಎರಡು ಅಚ್ಚು ತಾಳೆಬೆಲ್ಲ ಕರಗಿಸಿ ಕುಡಿಯುವವರನ್ನು ನಾನು ಬಲ್ಲೆ. ಬೆಲ್ಲ ದೇಶೀ ಎಂಬುದು ರಕ್ತಕ್ಕೆ ತಿಳಿಯುವುದಿಲ್ಲ.

ಸಕ್ಕರೆ ಕಾಯಿಲೆಯ ಮಾತು ಸುಳ್ಳೇ ಎಂದರೆ ಪೂರ್ತಿ ಸುಳ್ಳಲ್ಲ. ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹೂವಿನ ಸಾರ ಮಧುಮೇಹದ ಇಲಿಗಳ ರಕ್ತದ ಸಕ್ಕರೆಯನ್ನು ಇಳಿಸಿತ್ತು. ಇಲಿ ಮನುಷ್ಯನಲ್ಲ, ಸಾರ ಚಹಾ ಅಲ್ಲ. ಶ್ರೀಲಂಕಾದಲ್ಲಿ ಇದನ್ನೇ ರಣವರ ಎಂದು ನಿತ್ಯ ಕುದಿಸಿ ಕುಡಿಯುತ್ತಾರೆ. ಇದನ್ನು ಮೂರ್ಛೆರೋಗದ ಕಾರ್ಬಮಾಜೆಪಿನ್ ಮಾತ್ರೆಯ ಜೊತೆ ಇಲಿಗಳಿಗೆ ಕೊಟ್ಟು ನೋಡಿದಾಗ ರಕ್ತದಲ್ಲಿ ಔಷಧದ ಮಟ್ಟ ಏರಿದ್ದು 2004ರಲ್ಲಿ ವರದಿಯಾಗಿದೆ. ಹೂವಲ್ಲವೇ, ಏನು ಮಾಡೀತು ಎನ್ನುವವರಿಗೆ ಈ ಸಂಗತಿ ತಿಳಿದಿರಬೇಕು.

ಹಾಗಿದ್ದರೂ ನನಗೆ ಅನುಕೂಲವಾದದ್ದು ನಿಜ, ಆದರೆ ಅದರ ಯಶಸ್ಸು ಹೂವಿಗೆ ಸಲ್ಲುವುದೋ ಇಲ್ಲವೋ. ಬಸ್ ನಿಲ್ದಾಣದ ಟೀ ಅಂಗಡಿಯ ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ, ಅಂದರೆ ಹತ್ತು ಗ್ರಾಂ ಹತ್ತಿರ. ಮಾತು ಬೆಳೆದ ಹಾಗೆ ನಾಲ್ಕು ಲೋಟ ಇಳಿದರೆ 40 ಗ್ರಾಂ. ತಿಂಗಳಿಗೆ ಒಂದು ಕಿಲೋದ ಮೇಲೆ! ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಆವರಿಕೆಯ ಒಗರು ಬಾಯಲ್ಲಿರುವಾಗ ಟೀ ಅಂಗಡಿಯ ಕಡೆ ಕಾಲು ಹೋಗುವುದಿಲ್ಲ. ಅದು ಮಾಡಿದ ಚಿಕಿತ್ಸೆ ಇಷ್ಟೇ, ಆದರೆ ಇದು ಸಣ್ಣದಲ್ಲ. ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದಿದ್ದರೂ ಇದೇ ಫಲ ಸಿಗುತ್ತಿತ್ತೆಂದು ಈಗ ನನಗನ್ನಿಸುತ್ತದೆ.

ಈ ಧರ್ಮಪುರಿಯೇ ಹಿಂದಿನ ತಗಡೂರು. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ಅಲ್ಲಿಯ ಅದಿಯಮಾನ್ ಅರಸ ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನೆಂದು ತಮಿಳರು ಹೇಳುತ್ತಾರೆ. ಈಗಿನವರು ಆಯುಸ್ಸನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಬದುವಿನಲ್ಲಿ ಬಿಟ್ಟಿ ಬೆಳೆದ ಹೂವಿಗೆ ಪೇಟೆಯಲ್ಲಿ ನಾನು ದುಡ್ಡು ಕೊಟ್ಟದ್ದನ್ನು ಕೇಳಿ ದೊಡ್ಡಮ್ಮ ನಕ್ಕದ್ದು ಬೇರೆ ಮಾತು.

ನೀವೂ ಕುಡಿಯುವುದಾದರೆ ಕುಡಿಯಿರಿ. ಲಾರಿ ಧೂಳು ಕೂರುವ ರಸ್ತೆಬದಿಯ ಹೂ ಬೇಡ. ಹಳದಿ ಹೂ ಬಿಡುವ ನೆಂಟರು ಅದಕ್ಕೆ ಬಹಳ, ಹೊಟ್ಟೆ ಜಾಡಿಸುವ ಸೋನಾಮುಖಿಯೂ ಅದೇ ಕುಲ. ಗಿಡ ಬಲ್ಲವರಿಗೆ ತೋರಿಸಿಯೇ ಕೀಳಿ. ಸಕ್ಕರೆಗೋ ಮೂರ್ಛೆಗೋ ಮಾತ್ರೆ ನುಂಗುತ್ತಿದ್ದರೆ ಮೊದಲು ವೈದ್ಯರಿಗೆ ಹೇಳಿ, ಆಮೇಲೆ ಒಲೆ ಹಚ್ಚಿ.